ನೀರು ಕುಡಿಯುವ ಮೊದಲಿನ ಮಾತು

ಹೋದ ವಾರ ತಮ್ಮನ ಸೊಸೆಗೆ ನೆಗಡಿ ಹಿಡಿದಿತ್ತು. ಕರವಸ್ತ್ರದ ತುದಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಆಗಾಗ ಮೂಸುತ್ತಾ ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ನಾನು ಕೆಳಗೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅವಳು ಪಕ್ಕದಲ್ಲಿ ಹಾದುಹೋದಾಗ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಸೊಪ್ಪು ಬಿಡಿಸುತ್ತಿದ್ದ ಕೈ ಹಾಗೇ ನಿಂತಿತು.

"ಯಾಕ ದೊಡ್ಡತ್ತೆ, ಕಣ್ಣಾಗ ನೀರು? ಎಣ್ಣೆ ಘಾಟಾತೇನು?" ಅಂದಳು.

"ಹೂಂನವ್ವ, ಘಾಟೇ," ಅಂದೆ. ಇನ್ನೇನು ಹೇಳಲಿ? ಹರಿಹರದಲ್ಲಿ ನನ್ನ ಮನೆಯ ಗೇಟಿನ ಮುಂದೆ ನಿಂತು ಒಬ್ಬರು ಉಸಿರು ಎಳೆದುಕೊಳ್ಳುತ್ತಿದ್ದರು ಅಂತ ಹೇಳಲೇ…

ಅವರು ಮನೆ, ಸೈಟು ಕೊಡಿಸುವ ದಲ್ಲಾಳಿ. ನನಗಿಂತ ಹದಿನೈದಿಪ್ಪತ್ತು ವರ್ಷಕ್ಕೆ ದೊಡ್ಡವರು. ದಾವಣಗೆರೆಯ ಮಂಡಿಪೇಟೆಯಲ್ಲಿ ಯಾವಾಗಲೋ ಬಾಗಿಲು ಹಾಕಿದ ಒಂದು ಕಾಳಿನ ಅಂಗಡಿಯ ಕಟ್ಟೆಯೇ ಅವರ ಆಫೀಸು. ಬೋರ್ಡಿಲ್ಲ, ಕುರ್ಚಿಯಿಲ್ಲ. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಉಬ್ಬಸದ ಮನುಷ್ಯ. ಹೆಗಲ ಮೇಲಿನ ಟವೆಲಿನ ಒಂದು ತುದಿಗೆ ಸದಾ ನೀಲಗಿರಿ ಎಣ್ಣೆ ಹಚ್ಚಿಕೊಂಡಿರುತ್ತಿದ್ದರು. ಬಸ್ಸಿಳಿದು ನಮ್ಮ ಓಣಿಯವರೆಗೆ ನಡೆದು ಬಂದು, ಆ ತುದಿಯನ್ನು ಮೂಗಿಗೆ ಹಿಡಿದು ಉಸಿರು ತಹಬಂದಿಗೆ ಬಂದ ಮೇಲೆಯೇ ಚಿಲಕ ತಟ್ಟುತ್ತಿದ್ದರು. ನಾನು ಅವರನ್ನು ಅಣ್ಣಾರೆ ಅನ್ನುತ್ತಿದ್ದೆ. ಅವರಿಗೆ ನಾನು ತಂಗೆಮ್ಮ.

ಆಗ ನಮ್ಮ ಮನೆಯವರು ತೀರಿಕೊಂಡು ಬಹಳ ದಿನವಾಗಿರಲಿಲ್ಲ. ಹರಿಹರದ ಕಾರ್ಖಾನೆಯಲ್ಲಿ ದುಡಿದು, ನದಿಯ ಕಡೆಗೆ ಹೋಗುವ ಓಣಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದ್ದರು. ಹಿಂದೆ ಒಂದು ಕರಿಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು. ಮಕ್ಕಳಿಲ್ಲ. ಸಾವು ಆದ ಮನೆಯಲ್ಲಿ ಎಲ್ಲರೂ ಒಳ್ಳೆಯವರಾಗಿಬಿಡುತ್ತಾರೆ. ಅವರ ಸೈಕಲ್ಲು ಯಾರಿಗೆ ಕೊಡಬೇಕು, ಗ್ಯಾಸಿನ ಕನೆಕ್ಷನ್ ಏನು ಮಾಡಬೇಕು, ನಾನು ಯಾವ ಬಣ್ಣದ ಸೀರೆ ಉಡಬಹುದು, ಎಲ್ಲವನ್ನೂ ಪಡಸಾಲೆಯಲ್ಲಿ ಕೂತವರೇ ತೀರ್ಮಾನ ಮಾಡಿದರು. ನಾನು ಒಳಗೆ ಚಹಾ ಸೋಸುತ್ತಿದ್ದೆ. "ನಿನಗ್ಯಾಕ ತಲೆಬಿಸಿ, ನಾವು ನೋಡ್ಕೊಂತೀವಿ ಬಿಡಕ್ಕ," ಅನ್ನುತ್ತಿದ್ದ ತಮ್ಮ. ಕೆಟ್ಟವನಲ್ಲ ಅವನು. ದಾವಣಗೆರೆಯಲ್ಲಿ ಪಂಪ್‌ಸೆಟ್ ಸಾಮಾನಿನ ಅಂಗಡಿ ಇಟ್ಟುಕೊಂಡು ತನ್ನ ಸಂಸಾರದ ಜೊತೆಗೆ ನನ್ನನ್ನೂ ನೋಡಿಕೊಳ್ಳುತ್ತೇನೆ ಅಂದವನು. ಹಾಗೆ ನೋಡಿಕೊಳ್ಳುತ್ತಲೇ ಒಂದು ದಿನ ಮನೆ ಮಾರುವುದೂ ನಿಶ್ಚಯವಾಯಿತು. ಬೆಲೆ ಅವನೇ ಕಟ್ಟಿದ. ದಲ್ಲಾಳಿಯನ್ನೂ ಅವನೇ ಗೊತ್ತು ಮಾಡಿದ. "ನಿಮ್ಮ ದಲ್ಲಾಳಿ ರೊಕ್ಕ ತಗೊಳ್ಳೋರ ಕಡಿಂದ ಇಸ್ಕೊಳ್ರಿ, ನಮ್ಮಕ್ಕನ್ನ ಕೇಳಬ್ಯಾಡ್ರಿ," ಅಂತ ಮೊದಲೇ ಷರತ್ತು ಹಾಕಿದ. ಅವರು ಒಪ್ಪಿಕೊಂಡರು.

ಮೊದಲ ಸಲ ಅವರು ಬಂದದ್ದು ರಣಗುಡುವ ಬಿಸಿಲಲ್ಲಿ. ಬಾಗಿಲು ತೆಗೆದು, "ಬರ್ರಿ ಅಣ್ಣಾರೆ, ಒಳಗೆ ಕೂಡ್ರಿ, ನೀರು ಕೊಡ್ತೀನಿ," ಅಂದೆ. ಗೇಟಿನ ಆಚೆಯೇ ನಿಂತರು.

"ನೀರು ಆಮೇಲೆ ತಂಗೆಮ್ಮ. ಮೊದಲು ಮಾತು ಒಪ್ಪಿಸಿಬಿಡ್ತೀನಿ."

ಒಪ್ಪಿಸುವುದು ಅನ್ನುವ ಮಾತನ್ನು ನಾನು ಮಗ್ಗಿ ಕಲಿತ ಕಾಲದ ಮೇಲೆ ಕೇಳಿರಲೇ ಇಲ್ಲ. ಅವರು ನಿಜವಾಗಲೂ ಮಗ್ಗಿ ಹೇಳುವ ಮಗುವಿನ ಹಾಗೆ ಕೈಕಟ್ಟಿ ನಿಂತು, ಮನೆ ಕೇಳಿದವರು ಯಾರು, ಎಷ್ಟಕ್ಕೆ ಕೇಳಿದರು, ಕೇಳುವಾಗ ಮುಖ ಹೇಗೆ ಮಾಡಿದರು ಎಲ್ಲವನ್ನೂ ಹೇಳಿದರು. ಕೇಳಿದವನು ನಕ್ಕಿದ್ದರೆ ಅಲ್ಲಿ ತಾವೂ ನಕ್ಕರು. ಮುಗಿದ ಮೇಲೆ, "ಏನಂತೀರಿ?" ಅಂದರು.

ನಾನು ತಬ್ಬಿಬ್ಬಾದೆ. ಆ ಪ್ರಶ್ನೆಯನ್ನು ಯಾರೂ ಕೇಳದೆ ಎಷ್ಟೋ ತಿಂಗಳಾಗಿತ್ತು. "ತಮ್ಮನ್ನ ಕೇಳ್ರಿ," ಅಂದೆ.

"ಮನೆ ತಮ್ಮಂದೇನು?"

"ಅಲ್ಲ. ನಂದು."

"ಮತ್ತೆ?"

ಕೊನೆಗೆ, "ಬ್ಯಾಡ," ಅಂದೆ. ಅಷ್ಟು ಸಣ್ಣ ಮಾತು ಆಡಿ ನನಗೆ ಬೆವರು ಬಂದಿತ್ತು. ಅವರು ತಲೆಯಾಡಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು, ಜಗಲಿಯ ಮೇಲೆ ಕೂತು, "ಈಗ ಕೊಡ್ರವ್ವ ನೀರು," ಅಂದರು. ಬೇಡ ಅಂದದ್ದಕ್ಕೆ ಮುಖ ಗಂಟಾಗಲಿಲ್ಲ. ಖಾರ ಮಂಡಕ್ಕಿ ಕೊಟ್ಟೆ. ತಿಂದು, ಮಂಡಿಪೇಟೆಯ ನಾಲ್ಕು ಸುದ್ದಿ ಹೇಳಿ ಬಸ್ಸಿಗೆ ಹೋದರು.

ಎರಡನೆಯ ಸಲ ಬಂದಾಗ ಆದ ಫಜೀತಿ ನೆನೆದರೆ ಈಗಲೂ ನಗು ಬರುತ್ತದೆ. ಎದುರುಮನೆ ಅಜ್ಜಿ ತನ್ನ ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿತ್ತು. ಇವರು ನಮ್ಮ ಗೇಟಿನ ಹೊರಗೆ ಕೈಕಟ್ಟಿ ನಿಂತು ಒಪ್ಪಿಸತೊಡಗಿದರು.

"ತಂಗೆಮ್ಮ, ಮಲೆಬೆನ್ನೂರಿಂದ ಕೇಳ್ಯಾರೆ. ಒಳ್ಳೆ ಮನೆತನ, ಭತ್ತದ ವ್ಯಾಪಾರ. ಹಳೇದಾದ್ರೂ ಗಟ್ಟಿ ಐತಾ ಅಂತ ಕೇಳಿದ್ರು. ಗಟ್ಟಿ ಐತೆ, ಒಬ್ಬರೇ ಯಜಮಾನ್ರ ಕೈಯಾಗ ಬಾಳೈತೆ, ಚೊಕ್ಕ ಐತೆ ಅಂದೆ. ನಾಳೆ ನೋಡಾಕೆ ಬರ್ತೀವಿ ಅಂತಾರೆ. ಏನಂತೀರಿ?"

"ಬಂದು ನೋಡ್ಲಿ ಬಿಡ್ರಿ, ನೋಡಿದ್ರೆ ಏನಾತು," ಅಂದೆ ನಾನು.

ಅಜ್ಜಿಯ ಕೈಯಿಂದ ಸೌಟು ಬಿದ್ದ ಸದ್ದು ಕೇಳಿಸಿತು. ಸಂಜೆಯ ಹೊತ್ತಿಗೆ ಓಣಿಯಲ್ಲೆಲ್ಲ ನನಗೆ ಗಂಡು ಗೊತ್ತಾಗಿತ್ತು! ಮಲೆಬೆನ್ನೂರಿನ ಭತ್ತದ ವ್ಯಾಪಾರಿ, ನಾಳೆಯೇ ನೋಡಲು ಬರುತ್ತಾನಂತೆ, ಈಕೆಯೂ ಹೂಂ ಅಂದಳಂತೆ. ಯಾರೋ ತಮ್ಮನಿಗೆ ಫೋನು ಮಾಡಿದರು. ಮಾರನೆಯ ಬೆಳಿಗ್ಗೆ ಅವನು ಅಂಗಡಿ ತೆಗೆಯದೆ ಮೊದಲ ಬಸ್ಸಿಗೆ ಬಂದು, ಹೊಸ್ತಿಲಲ್ಲಿ ನಿಂತು, "ಏನಕ್ಕ ಇದು? ನಾನು ಸತ್ತೀನೇನು? ನನಗೊಂದು ಮಾತು ಹೇಳಬಾರದಾ?" ಅಂತ ಬಾಯಿ ಒಣಗಿಸಿಕೊಂಡ. ವಿಷಯ ಗೊತ್ತಾದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಮನೆಯವರು ಹೋದ ಮೇಲೆ ಆ ಮನೆಯಲ್ಲಿ ನಾನು ಮೊದಲ ಸಲ ಗಟ್ಟಿಯಾಗಿ ನಕ್ಕದ್ದು ಅವತ್ತು… ಭತ್ತದ ವ್ಯಾಪಾರಿ ಹೆಂಡತಿ ಮಕ್ಕಳೊಂದಿಗೆ ಬಂದು ನೋಡಿ, ಗೋಡೌನಿಗೆ ಜಾಗ ಸಾಲದು ಅಂತ ಹೋದರು. ಅಜ್ಜಿ ಮಾತ್ರ ಆಮೇಲೂ ದಲ್ಲಾಳಿಯವರು ಬಂದಾಗಲೆಲ್ಲ ಕಿಟಕಿಯಿಂದ, "ಇವತ್ತು ಯಾವ ಊರ ಗಂಡು ತಂದೀಯಪ್ಪ?" ಅನ್ನುತ್ತಿತ್ತು. "ನಿನಗೂ ಒಂದು ನೋಡಲೇನವ್ವ?" ಅಂತ ಇವರು ತಿರುಗಿಸಿ ಕೇಳುತ್ತಿದ್ದರು.

ತಮ್ಮನಿಗೆ ಇದು ಸರಿಬರಲಿಲ್ಲ. ಮುಂದಿನ ಸಲ ಅವರು ಬರುವ ದಿನ ತಾನೂ ಬಂದು ಕೂತ. "ನೋಡ್ರಿ ಯಜಮಾನ್ರೆ, ನಾವು ಹೇಳಿದ ರೇಟಿಗೆ ಬಂದ್ರೆ ಮಾತ್ರ ಹೇಳಾಕೆ ಬರ್ರಿ. ಕಡಿಮೆ ಕೇಳಿದ್ದನ್ನೆಲ್ಲ ಹೊತ್ಕೊಂಡು ಬಂದು ಆಕೆ ತಲಿ ಯಾಕ ಕೆಡಿಸ್ತೀರಿ? ಅಲ್ಲೇ ಬಿಟ್ಟುಬಿಡ್ರಿ. ಇಲ್ಲಾಂದ್ರೆ ನನಗೊಂದು ಫೋನ್ ಹಚ್ಚಿರಿ, ಸಾಕು."

"ಹಂಗಾಗಲ್ಲ ಸಾವ್ಕಾರೆ." ಧ್ವನಿ ಏರಿಸಲಿಲ್ಲ. "ಮನೆ ಆಯಮ್ಮನ ಹೆಸರಾಗ ಐತೆ. ಕೇಳಿದ ಮಾತೂ ಆಯಮ್ಮನ ಹೆಸರಿಗೇ ಬಂದಿರ್ತೈತೆ. ನಡುವೆ ನುಂಗಾಕೆ ನಾನ್ಯಾರು? ಒಪ್ಪಿಸೋದು ನನ್ನ ಕೆಲಸ. ಒಪ್ಪೋದು ಬಿಡೋದು ಆಯಮ್ಮಂದು."

"ತೀರಾ ಬಿಟ್ಟಿಗೆ ಕೇಳಿದ್ರೂ?"

"ಬಿಟ್ಟಿಗೆ ಕೇಳಿದ್ರೂ. ಬ್ಯಾಡ ಅನ್ನಾಕಾದ್ರೂ ಆಯಮ್ಮಗೆ ಒಂದು ಮಾತು ಬೇಕಲ್ರಿ."

ತಮ್ಮ ಗೊಣಗಿಕೊಂಡು ಎದ್ದುಹೋದ. ಅವತ್ತು ಜಗಲಿಯ ಮೇಲೆ ಕೂತು ದಲ್ಲಾಳಿಯವರು ತಮ್ಮ ತಾಯಿಯ ಸಂಗತಿ ಹೇಳಿದರು. ಹದಡಿಯ ಕಡೆಯವರಂತೆ. ಆ ತಾಯಿ ಹೆಣ್ಣು ಗಂಡು ಕೂಡಿಸುತ್ತಿದ್ದಳಂತೆ. ಯಾರ ಮನೆಗೆ ಸಂಬಂಧದ ಮಾತು ಒಯ್ದರೂ ಹೊರಗೇ ನಿಂತು ಹೇಳಿ ಮುಗಿಸಿ, ಆಮೇಲೆಯೇ ಒಳಗೆ ಹೋಗಿ ನೀರು ಕುಡಿಯುತ್ತಿದ್ದಳಂತೆ. ಅದೇ ಅವಳ ಪದ್ಧತಿ. "ಒಬ್ಬರ ಮನೆ ನೀರು ಗಂಟಲಿಗೆ ಇಳೀತು ಅಂದ್ರೆ ನಾಲಿಗೆ ಅವರ ಕಡಿಗೆ ವಾಲ್ತೈತೆ ತಂಗೆಮ್ಮ. ಕಹಿ ಮಾತಿಗೆ ಬೆಲ್ಲ ಹಚ್ಚಾಕೆ ಶುರು ಮಾಡ್ತೀವಿ. ಇಲ್ಲಾ, ನೊಂದಾರು ಅಂತ ಹೇಳದಂಗೆ ಬಂದುಬಿಡ್ತೀವಿ. ಅದಕ್ಕ ಮೊದಲು ಮಾತು, ಆಮೇಲೆ ನೀರು." ಮನೆ ಮಾರಿಸುವ ಕೆಲಸಕ್ಕೆ ಅವರ ಹತ್ತಿರ ಇದ್ದದ್ದು ಹೆಣ್ಣು ಕೇಳುವ ಮನೆಯ ಭಾಷೆಯೇ. ಅಜ್ಜಿ ತಪ್ಪು ತಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ಆಮೇಲೆ ಎಷ್ಟೋ ಜನ ಕೇಳಿದರು. ಕೆಡವಿ ಮೂರು ಮಳಿಗೆ ಕಟ್ಟುತ್ತೇನೆ ಅಂದವರು, ಕರಿಬೇವಿನ ಗಿಡ ಕಡಿದು ಕೊಟ್ಟರೆ ಮಾತ್ರ ಅಂದವರು, ವಾಸ್ತು ನೋಡಿಸಿ ಬಚ್ಚಲು ಎತ್ತಿ ಆಚೆ ಇಡಬೇಕು ಅಂದವರು. ಒಬ್ಬನಂತೂ ಎಷ್ಟು ಕಡಿಮೆಗೆ ಕೇಳಿದ್ದ ಅಂದರೆ, ಅದನ್ನು ಒಪ್ಪಿಸುವಾಗ ಇವರ ಕಿವಿ ಕೆಂಪಾಗಿತ್ತು. ಆದರೂ ಒಂದಕ್ಷರ ಬಿಡದೆ ಒಪ್ಪಿಸಿದರು. ನನಗೆ ಸಿಟ್ಟು ಬಂದು, "ಅವನಿಗೆ ಹೇಳ್ರಿ, ನಮ್ಮ ಬಟ್ಟೆ ಒಗಿಯೋ ಕಲ್ಲು ಕೊಡ್ತೀನಿ ಆ ರೊಕ್ಕಕ್ಕೆ, ಹೊತ್ಕೊಂಡು ಹೋಗಲಿ," ಅಂದೆ. ಆ ಮಾತನ್ನೂ ಹಾಗೇ ಒಯ್ದು ಅವನಿಗೆ ಒಪ್ಪಿಸಿದರಂತೆ! ಅವನ ಮುಖ ಹೇಗಾಯಿತು ಅಂತ ಮುಂದಿನ ಸಲ ಬಂದು ಮಾಡಿ ತೋರಿಸಿದರು.

ನಾನು ಪ್ರತಿ ಸಲ ಬೇಡ ಅಂದೆ. ಬೇಡ ಅನ್ನುವುದು ದಿನದಿನಕ್ಕೆ ಸುಲಭವಾಯಿತು. ಧ್ವನಿ ಗಟ್ಟಿಯಾಯಿತು. ಇಡೀ ಜಗತ್ತಿನಲ್ಲಿ ನನ್ನ ಮಾತಿಗೋಸ್ಕರ ಬಿಸಿಲಲ್ಲಿ ಬಸ್ಸು ಹತ್ತಿ ಬರುವ ಮನುಷ್ಯ ಅಂದರೆ ಅವರೊಬ್ಬರೇ ಆಗಿದ್ದರು. ಮಧ್ಯಾಹ್ನ ಊಟವಾದ ಮೇಲೆ ಆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಬೇರೇನಿರಲಿಲ್ಲ. ಗೇಟಿನ ಚಿಲಕದ ಕಡೆ ಕಿವಿಯಿಟ್ಟು ಮಲಗಿರುತ್ತಿದ್ದೆ. ಅವರಿಗೂ ಮನೆಯಲ್ಲಿ ಯಾರೂ ಇದ್ದಂತಿರಲಿಲ್ಲ. ಒಂದು ಸಲ, "ಮನೇಲಿ ಯಾರ್ಯಾರು ಅದಾರ ಅಣ್ಣಾರೆ?" ಅಂತ ಕೇಳಿದೆ. ಮಂಡಕ್ಕಿ ತಟ್ಟೆಯಲ್ಲಿ ಶೇಂಗಾ ಆರಿಸುತ್ತಾ, "ನಾನದೀನಲ್ಲ," ಅಂದು ಮಾತು ಬದಲಿಸಿದರು. ಮತ್ತೆ ಕೇಳಲಿಲ್ಲ ನಾನು…

ಕೊನೆಯ ಮಾತು ಅವರು ತಂದದ್ದು ದೀಪಾವಳಿ ಕಳೆದ ಮೇಲೆ. ಚಿಲಕದ ಸದ್ದಾಗಲಿಲ್ಲ. ಯಾವುದಕ್ಕೋ ಹೊರಗೆ ಬಂದವಳು ನೋಡಿದರೆ, ಗೇಟಿನ ಕಂಬಿ ಹಿಡಿದು ನಿಂತಿದ್ದಾರೆ. ಟವೆಲಿನ ತುದಿ ಮೂಗಿನ ಮೇಲಿದೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನನ್ನನ್ನು ಕಂಡು ಟವೆಲು ಸರಿಸಿ, ಕೈಕಟ್ಟಿದರು.

"ರಾಣೆಬೆನ್ನೂರು ಕಡಿಂದ ವರ್ಗ ಆಗಿ ಬಂದಿರೋ ಮೇಷ್ಟ್ರು. ಗಂಡ, ಹೆಂಡ್ತಿ, ಒಂದು ಹೆಣ್ಣುಮಗು. ಮೊನ್ನೆ ಹೊರಗಿಂದ ನೋಡ್ಯಾರೆ. ನಿಮ್ಮ ತಮ್ಮ ಕಟ್ಟಿದ ಬೆಲೆ ಪೂರ್ತಿ ಕೊಡ್ತೀವಿ ಅಂತಾರೆ, ಒಂದು ರೂಪಾಯಿ ಎಳೆದಾಡಲಿಲ್ಲ. ಕೆಡವಲ್ಲ, ಇದ್ದಂಗೇ ಇರ್ತೀವಿ ಅಂದ್ರು. ಆ ತಾಯಿ ಕರಿಬೇವಿನ ಗಿಡ ಹಂಗೇ ಇರ್ಲಿ ಅಂತ ತಾನಾಗೇ ಅಂದ್ಲು. ಇಷ್ಟು." ಎಂದಿನ ಹಾಗೆ, "ಏನಂತೀರಿ?" ಅಂದರು.

ಬೇಡ ಅನ್ನಲು ಏನೂ ಉಳಿದಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ನಾನು ಹೂಂ ಅಂದರೆ ಮನೆ ಹೋಗುತ್ತದೆ. ಮನೆ ಹೋದರೆ, ಈ ಗೇಟಿನ ಮುಂದೆ ಯಾರೂ ಬಂದು ನಿಲ್ಲುವುದಿಲ್ಲ.

"ನಿಮ್ಮ ಮನಸ್ಸಿಗೆ ಏನನ್ನಿಸ್ತೈತೆ ಹೇಳ್ರಿ ಅಣ್ಣಾರೆ," ಅಂದೆ.

"ನೀರು ಕುಡಿಯೋತನಕ ನನಗೆ ಮನಸ್ಸೆಲ್ಲಿದು?"

ಅದು ಅವರ ಹಳೆಯ ಚೇಷ್ಟೆಯ ದನಿಯೇ. ನಾನು ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಗೇಟಿನ ಮೇಲಿಂದ ಕೊಟ್ಟೆ. "ತಗೊಳ್ರಿ. ಈಗ ಕುಡಿದು ಹೇಳ್ರಿ." ಅವರು ಲೋಟ ಹಿಡಿದುಕೊಂಡರು. ಬಾಯಿಯವರೆಗೆ ಒಯ್ದರು. ಮತ್ತೆ ಇಳಿಸಿದರು. ಒಂದೆರಡು ಹನಿ ಪಂಚೆಯ ಮೇಲೆ ಬಿದ್ದವು.

"ಬ್ಯಾಡ ತಂಗೆಮ್ಮ," ಅಂದು ಲೋಟ ನನ್ನ ಕೈಗೆ ತಿರುಗಿ ಕೊಟ್ಟರು. "ಈಗ ಕುಡಿದ್ರೆ, ಮಾರಬ್ಯಾಡ್ರಿ ಅಂತ ಅಂದುಬಿಡ್ತೀನಿ ನಾನು. ಅದು ನಿಮ್ಮ ಒಳ್ಳೇದಕ್ಕ ಆಡಿದ ಮಾತಾಗಲ್ಲ."

ನಾನು ಅವರ ಮುಖ ನೋಡಲಿಲ್ಲ. ಅವರೂ ನೋಡಲಿಲ್ಲ. ಎದುರುಮನೆ ಅಜ್ಜಿ ತನ್ನ ಕಿಟಕಿಯ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡಿತು. ಈ ಉಬ್ಬಸದ ಜೀವವನ್ನು ಇನ್ನೆಷ್ಟು ದಿನ ಬಿಸಿಲಲ್ಲಿ ಎಳೆದಾಡಿಸಲಿ, ಒಳ್ಳೆಯ ಜನ ಬಾಳಲು ಕೇಳುತ್ತಿರುವ ಮನೆಯನ್ನು ಗಡಿಯಾರದ ಸದ್ದಿಗೆ ಇನ್ನೆಷ್ಟು ದಿನ ಬಿಡಲಿ, ಅನ್ನಿಸಿತು.

"ಒಪ್ಪೀನಿ ಅಂತ ಹೇಳ್ರಿ," ಅಂದೆ.

"ನಿಮ್ಮ ಮಾತೇನಾ?"

"ನನ್ನ ಮಾತೇ."

ಆಮೇಲೆ ಅವರು ಒಳಗೆ ಬಂದರು. ಜಗಲಿಯ ಮೇಲೆ ಕೂತು, ಅದೇ ಲೋಟದ ನೀರನ್ನು ನಿಧಾನಕ್ಕೆ ಕುಡಿದರು.

ರಿಜಿಸ್ಟ್ರಿಯ ದಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ನಾನೂ ಮೇಷ್ಟರ ಹೆಂಡತಿಯೂ ಕೂತಿದ್ದೆವು. ದಲ್ಲಾಳಿಯವರು ಬಂದಿರಲಿಲ್ಲ. ಉಬ್ಬಸ ಜಾಸ್ತಿ ಆಗಿದೆ ಅಂತ ಹೇಳಿ ಕಳಿಸಿದ್ದರು. ಆ ಹೆಣ್ಣುಮಗಳು ಮಗುವಿನ ಕೂದಲು ಸರಿಮಾಡುತ್ತಾ, "ಆ ಯಜಮಾನ್ರು ದೊಡ್ಡ ಮನುಷ್ಯರು ಬಿಡ್ರಿ ಅಕ್ಕಾರೆ," ಅಂದಳು. "ನಮ್ಮ ಮನೆಯವರು ಖಡಾಖಂಡಿತ ಹೇಳಿಬಿಟ್ಟಿದ್ರು, ಮನೆ ರೇಟು ಪೂರಾ ಕೊಡ್ತೀವಿ, ದಲ್ಲಾಳಿ ಅಂತ ಒಂದು ಪೈಸಾನೂ ಕೊಡಾಕಾಗಲ್ಲ, ಬೇಕಾದ್ರೆ ಹೇಳ್ರಿ, ಇಲ್ಲಾಂದ್ರೆ ಬಿಡ್ರಿ ಅಂತ. ನಾನು, ಮುಗೀತು, ಈ ಮನೆ ನಮಗಿಲ್ಲ ಅಂದ್ಕೊಂಡಿದ್ದೆ. ಆದ್ರೂ ನಮ್ಮ ಮಾತು ತಂದು ನಿಮಗೆ ಹೇಳಿಯೇಬಿಟ್ಟರಲ್ಲ!"

ಕೇಳಿದವರ ನಗುವನ್ನೂ ಬಿಡದೆ ಒಪ್ಪಿಸಿದ ಮನುಷ್ಯ ಆ ದಿನ ಗೇಟಿನ ಮುಂದೆ ನಿಂತು ಒಂದೇ ಒಂದು ಮಾತನ್ನು ನುಂಗಿದ್ದರು.

ತಮ್ಮನ ಮನೆಯ ಮಹಡಿಯ ಕೋಣೆಗೆ ಸಾಮಾನು ಸಾಗಿಸಿದ ಮೇಲೆ, ಒಂದು ಬೆಳಿಗ್ಗೆ ಹುಡುಕಿಕೊಂಡು ಮಂಡಿಪೇಟೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ನಾನು ಬಂದದ್ದು ಕಂಡು ಗಡಬಡಿಸಿ ಎದ್ದು, ಟವೆಲಿನಿಂದ ಕಟ್ಟೆ ಝಾಡಿಸಿ, "ಕೂಡ್ರಿ, ಕೂಡ್ರಿ," ಅಂದರು.

"ಕೂಡೋದು ಆಮೇಲೆ ಅಣ್ಣಾರೆ. ಮೊದಲು ನಾನೂ ಒಂದು ಮಾತು ಒಪ್ಪಿಸ್ತೀನಿ," ಅಂದೆ. ಮೇಷ್ಟರ ಹೆಂಡತಿ ಹೇಳಿದ್ದನ್ನು ಹೇಳಿದೆ. "ಎಲ್ಲಾ ಮಾತೂ ಒಪ್ಪಿಸಬೇಕು ಅಂದೋರು ನೀವೇ. ಅದೊಂದನ್ನ ಯಾಕ ನುಂಗಿದ್ರಿ?"

"ನಿಮ್ಮ ಮನೆ ಮಾತು ಅಷ್ಟೂ ನಿಮಗೆ ಒಪ್ಪಿಸೀನಿ ತಂಗೆಮ್ಮ. ಅದೊಂದು ನನಗ ಬಂದ ಮಾತು. ನಂದನ್ನ ನಾನು ಇಟ್ಕೊಂಡೆ." ನಕ್ಕರು. "ಹೇಳಿದ್ರೆ ನೀವು ಅದಕ್ಕೇ ಬ್ಯಾಡ ಅಂತಿದ್ರಿ. ನನ್ನ ಸಲುವಾಗಿ ಯಾಕ ಬ್ಯಾಡ ಅನ್ನಬೇಕು?"

ನಾನು ತಂದಿದ್ದ ದಲ್ಲಾಳಿಯ ಹಣವನ್ನು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಚಹಾ ತರಿಸಿದರು, ಕುಡಿದೆವು. ಹೊರಡುವಾಗ, "ಈಗ ಬಸ್ಸೂ ಹತ್ತೋದು ಬ್ಯಾಡ, ಇಲ್ಲೇ ಎರಡು ರಸ್ತೆ ಆಚಿಗೆ ಅದೀನಿ. ಮನೆ ಕಡಿ ಬರ್ರಿ," ಅಂದೆ.

"ಏನ್ ಮಾತು ತರಲಿ ತಂಗೆಮ್ಮ?" ಅಂದರು. "ಸುಮ್ಸುಮ್ನೆ ಹೆಂಗೆ ಬರಾಕಾಗ್ತೈತೆ?"

"ಸುಮ್ಸುಮ್ನೆ ಬರ್ರಿ," ಅನ್ನಬೇಕಿತ್ತು. ಅಂದೆ ಕೂಡಾ. ಆದರೆ ಇಬ್ಬರಿಗೂ ಗೊತ್ತಿತ್ತು, ತಮ್ಮನ ಮನೆಯ ಬಾಗಿಲಲ್ಲಿ ಅವರು ನಿಂತರೆ ತಮ್ಮನ ಹೆಂಡತಿ ಬಂದು, ಯಾರು ಬೇಕಾಗಿತ್ತು, ಏನಾಗಬೇಕಾಗಿತ್ತು ಅಂತ ಕೇಳುತ್ತಾಳೆ.

ಬರಲಿಲ್ಲ. ಸಂತೆಗೆ ಹೋದಾಗ ಒಂದೆರಡು ಸಲ ದೂರದಿಂದ ಕಂಡು ಕೈಮುಗಿದಿದ್ದೇನೆ. ಆಮೇಲೆ ನನ್ನ ಮಂಡಿ ನೋವು, ಮಳೆಗಾಲ, ಮದುವೆ, ಬಾಣಂತನ ಅಂತ ಆ ಕಡೆ ಹೋಗುವುದೇ ತಪ್ಪಿತು. ಬಹಳ ದಿನದ ಮೇಲೆ ಹೋದರೆ ಕಟ್ಟೆಯ ಮೇಲೆ ಯಾರೋ ಪ್ಲಾಸ್ಟಿಕ್ ಬಕೆಟ್ಟು ಜೋಡಿಸಿದ್ದರು. ಪಕ್ಕದ ಚಹಾದವನು, "ಆ ಅಜ್ಜ ಹೋಗಿ ವರ್ಷಾತಲ್ಲಮ್ಮ," ಅಂದ. ನನ್ನನ್ನೇ ನೋಡಿ, "ನಿಮಗವರು ಏನಾಗಬೇಕಿತ್ತು?" ಅಂತ ಕೇಳಿದ.

ಏನಾಗಬೇಕು? ಅಣ್ಣನಲ್ಲ, ನೆಂಟನಲ್ಲ, ನೆರೆಯವರೂ ಅಲ್ಲ. "ಮನೆ ಮಾರಿಸಿಕೊಟ್ಟಿದ್ರು," ಅಂದೆ. ಅವನು ತಲೆಯಾಡಿಸಿ ಚಹಾ ಸೋಸಲು ಹೋದ. ನನಗೆ ಯಾರಾದರೂ ಯಾಕೆ ಹೇಳಿಕಳಿಸಬೇಕಿತ್ತು ಹೇಳಿ… ಅವರ ಸುದ್ದಿಯನ್ನು ಯಾರಿಗೆ ಮುಟ್ಟಿಸಬೇಕು ಅಂತ ತಿಳಿದವರೇ ಯಾರೂ ಇದ್ದಿರಲಿಕ್ಕಿಲ್ಲ. ನಾನು ಬಕೆಟ್ಟುಗಳ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಆಟೋ ಹತ್ತಿ ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ, ಯಾವ ದಲ್ಲಾಳಿ ಅನ್ನುತ್ತಿದ್ದರು.

ಇಲ್ಲಿ ನನಗೆ ಯಾವುದಕ್ಕೂ ಕಡಿಮೆಯಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಮಕ್ಕಳ ಗಲಾಟೆ. ತಮ್ಮ ಈಗಲೂ ಒಳ್ಳೆಯವನೇ. ಮೊನ್ನೆ ನಾನು ಕಣ್ಣಿನ ಆಪರೇಷನ್ನಿಗೆ ಆಸ್ಪತ್ರೆಯಲ್ಲಿದ್ದಾಗ, ಬರುವಷ್ಟರಲ್ಲಿ ಚೆಂದ ಕಾಣಲಿ ಅಂತ ನನ್ನ ಕೋಣೆಗೆ ಬಣ್ಣ ಹೊಡೆಸಿಟ್ಟಿದ್ದ. ತಿಳಿ ಹಸಿರು. ಬಾಗಿಲು ತೆಗೆದು, "ಹೆಂಗೈತಕ್ಕ?" ಅಂದ, ಉತ್ತರಕ್ಕೆ ನಿಲ್ಲದೆ ಕೆಳಗೆ ಇಳಿದುಹೋದ. ಒಳ್ಳೆಯ ಬಣ್ಣವೇ. ಮೊದಲೇ ಕೇಳಿದ್ದರೂ ನಾನು ಅದನ್ನೇ ಒಪ್ಪುತ್ತಿದ್ದೆನೇನೋ.